ಆರ್‌ಸಿಇಪಿಯಿಂದ ನಿರ್ಗಮನ: ಹಾಲಿನ ಲೆಕ್ಕ, ಮತದ ಲೆಕ್ಕ

ನೆಲಮಂಗಲದ ಮಗ್ಗುಲಿನ ಅರಿಶಿನಕುಂಟೆಯ ವರ್ತಕರಿಗೆ ಬ್ಯಾಂಕಾಕ್ ದೂರವೆನಿಸಬಹುದು. ಆದರೆ 2019ರ ನವೆಂಬರ್ 4ರಂದು ಅಲ್ಲಿ 16 ರಾಷ್ಟ್ರಗಳ ಆರ್‌ಸಿಇಪಿ ಮಾತುಕತೆಯಿಂದ ಭಾರತ ಹಿಂದೆ ಸರಿದುದಕ್ಕೆ ಹಳ್ಳಿಯ ಹಾಲಿನ ಡೇರಿಯೂ ಒಂದು ಕಾರಣ. ನ್ಯೂಜಿಲೆಂಡಿನ ಅಗ್ಗದ ಹಾಲಿನ ಪುಡಿ ಬಂದರೆ ಗತಿಯೇನೆಂದು ರೈತ ಸಂಘಟನೆಗಳು ಬೀದಿಗಿಳಿದವು. ಕಾಂಗ್ರೆಸ್ ಮಾತ್ರವಲ್ಲ, ಸಂಘ ಪರಿವಾರದ ಸ್ವದೇಶಿ ಜಾಗರಣ ಮಂಚ್ ಕೂಡ ವಿರೋಧಿಸಿತು. ಇಂತಹ ಒತ್ತಡವಿರುವಾಗ ಸಂಧಾನಕಾರರು ಬಿಟ್ಟುಕೊಡಬಹುದಾದುದು ಅಲ್ಪವೇ. ಸುಂಕ ಇಳಿಕೆಗೆ 2014ರ ಬದಲು 2019 ಆಧಾರವರ್ಷವಾಗಬೇಕು, ಆಮದು ಉಕ್ಕಿದರೆ ಸುಂಕ ತಾನಾಗಿ ಏರಬೇಕು ಎಂಬ ಭಾರತದ ಬೇಡಿಕೆಗಳು ಈಡೇರಲಿಲ್ಲ. ಚೀನಾದ ಸರಕಿಗೆ ಅಂಜಿದ್ದ ಸಣ್ಣ ತಯಾರಕರು ನಿಟ್ಟುಸಿರಿಟ್ಟರು. ರಫ್ತುದಾರರಿಗೆ ಹೆಚ್ಚಿನ ರಿಯಾಯಿತಿ ಕೈತಪ್ಪಿತೆಂಬುದೂ ನಿಜ. ಉಳಿದ 15 ರಾಷ್ಟ್ರಗಳು 2020ರ ನವೆಂಬರ್ 15ರಂದು ಸಹಿ ಹಾಕಿದವು. 2022ರ ಏಪ್ರಿಲ್‌ನಲ್ಲಿ ಆಸ್ಟ್ರೇಲಿಯಾದೊಡನೆ ಭಾರತ ಮಾಡಿಕೊಂಡ ಒಪ್ಪಂದದಲ್ಲಿಯೂ ಹಾಲಿನ ಉತ್ಪನ್ನಗಳನ್ನು ಹೊರಗಿಡಲಾಯಿತು.