ಗದರಿಕೆಯ ವ್ಯಾಪಾರ

ಬೇಡಿಕೆಯ ಗೆರೆಯೂ ಪೂರೈಕೆಯ ಗೆರೆಯೂ ಕೂಡುವ ಬಿಂದುವಿನಲ್ಲಿ ಬೆಲೆ ನಿಲ್ಲುವುದೆಂದು ನಮ್ಮ ಅರ್ಥಶಾಸ್ತ್ರದ ಪುಸ್ತಕ ಹೇಳುವುದು. ಪರೀಕ್ಷೆಯಲ್ಲಿ ನಾನೂ ಹಾಗೆಯೇ ಬರೆದು ಗುಣ ಪಡೆದಿರುವೆನು. ಆದರೆ ನಮ್ಮ ಹಾರೂಗೇರಿಯ ಸುತ್ತಿನ ದನದ ಸಂತೆಗಳಲ್ಲಿ ಬೆಲೆಯು ಎಷ್ಟೋ ಸಲ ಬೇರೊಂದು ಕಡೆಗೆ ನಿಲ್ಲುವುದು. ಮಾರುವವನ ಎದೆ ಎಲ್ಲಿ ಕುಸಿಯುವುದೋ ಅಲ್ಲಿ. ಹಾಗೆ ಎದೆ ಕುಸಿಯುವಂತೆ ಮಾಡುವುದೂ ವ್ಯಾಪಾರದ ಒಂದು ವಿದ್ಯೆ. ಅದರಲ್ಲಿ ಪಳಗಿದವನನ್ನು ನಮ್ಮ ಜನ 'ಜಬರ್ ಮನುಷ್ಯಾ' ಎಂದು ಹೊಗಳುವುದೂ ಉಂಟು! ಅದು ಹೇಗೆ ನಡೆಯುವುದೆಂಬುದನ್ನು ಕಂಡಷ್ಟು ಹೇಳುವೆನು.

ಎತ್ತಿನ ವ್ಯಾಪಾರ ಆರಂಭವಾಗುವುದು ಎತ್ತಿನ ಬಾಯಿಂದ. ಕೊಳ್ಳುವವನು ಮೊದಲು ತುಟಿ ಎತ್ತಿ ಹಲ್ಲು ನೋಡುವನು. ಸುಮಾರು ಎರಡು ವರುಷಕ್ಕೆ ಹಾಲುಹಲ್ಲು ಬಿದ್ದು ಎರಡು ಹಲ್ಲು ಬರುವವು. ಐದು ವರುಷದ ಹೊತ್ತಿಗೆ ಎಂಟೂ ಬಂದು ಬಾಯಿಗೂಡುವುದು. ಹಲ್ಲು ಎಲ್ಲರಿಗೂ ಕಾಣುವ ಸಾಕ್ಷಿಯಾದುದರಿಂದ ಅಲ್ಲಿ ಗದರಿಕೆಗೆ ಹೆಚ್ಚು ಎಡೆಯಿಲ್ಲ. ಆದುದರಿಂದ ಜಬರ್ ಮನುಷ್ಯನು ಹಲ್ಲು ಬಿಟ್ಟು ಸುಳಿಗೆ ಕೈ ಹಾಕುವನು. ಕಿಲಾರಿ ಎತ್ತಿನ ಮೈಮೇಲಿನ ಕೂದಲು ಸುತ್ತಿದ ಒಂದು ಜಾಗಕ್ಕೆ ಬೆರಳಿಟ್ಟು, "ಈ ಸುಳಿ ಮನೀಗೆ ಆಗೂದಿಲ್ರೀ" ಎಂದು ನಾಲ್ಕು ಮಂದಿಗೆ ಕೇಳುವಂತೆ ಕೂಗುವನು. ಅದು ನಿಜವೋ ಸುಳ್ಳೋ ಕೇಳುವವರಾರು? ಪಕ್ಕದಲ್ಲಿ ನಿಂತು ನೋಡುತ್ತಿದ್ದ ಬೇರೆ ಗಿರಾಕಿಗಳು ಮೆಲ್ಲಗೆ ಸರಿದುಬಿಡುವರು. ಅವನಿಗೆ ಬೇಕಾದದ್ದೂ ಅದೇ.

ಅನಂತರ ಬರುವುದು ಟವೆಲ್ಲು. ದಲಾಲನು ಕೈಮೇಲೆ ಟವೆಲ್ಲು ಹೊದಿಸಿ, ಅದರ ಕೆಳಗೆ ಮಾರುವವನ ಬೆರಳು ಹಿಡಿಯುವನು. ಬೆಲೆಯನ್ನು ಬಾಯಿಂದ ಹೇಳುವುದಿಲ್ಲ. ಒಂದು ಬೆರಳು ಒತ್ತಿದರೆ ಒಂದು, ಐದೂ ಒತ್ತಿದರೆ ಐದು. ಒಂಬತ್ತಾದರೆ ಮೊದಲು ಐದು, ಆಮೇಲೆ ನಾಲ್ಕು. ಹತ್ತುಸಾವಿರದ ಲೆಕ್ಕವೋ ಸಾವಿರದ ಲೆಕ್ಕವೋ ಎಂಬುದನ್ನು ಮಾತ್ರ ಬಾಯಲ್ಲಿ ಹೇಳಿದರೆ ಸಾಕು. ಇದು ಮರ್ಯಾದೆಯ ಪದ್ಧತಿ, ಒಬ್ಬನ ವ್ಯವಹಾರ ಇನ್ನೊಬ್ಬನಿಗೆ ತಿಳಿಯಬಾರದೆಂದು ಹಿರಿಯರು ಮಾಡಿದ್ದು ಎನ್ನುವರು. ಇರಬಹುದು. ಆದರೆ ಪಕ್ಕದ ಜೋಡಿ ಎಷ್ಟಕ್ಕೆ ಹೋಯಿತೆಂಬುದು ಮಾರುವವನಿಗೆ ತಿಳಿಯದೆ ಹೋಗುವುದೂ ಇದರಿಂದಲೇ. ಕತ್ತಲೆಯಲ್ಲಿ ಹಗ್ಗವೂ ಹಾವಾಗುವುದಲ್ಲವೆ?

ಎರಡು ವರುಷದ ಹಿಂದೆ ನಮ್ಮ ತಂದೆಯವರೊಡನೆ ನಾನು ಇಂಥ ಒಂದು ಸಂತೆಗೆ ಹೋಗಿದ್ದೆನು. ನನ್ನ ಅಕ್ಕನನ್ನು ಹೆರಿಗೆಗಾಗಿ ದವಾಖಾನೆಗೆ ಸೇರಿಸಿದ್ದೆವು, ಶಸ್ತ್ರಕ್ರಿಯೆಯಾಗಿತ್ತು. ಮನೆಯ ಎತ್ತಿನ ಜೋಡಿಗೆ 1,10,000 ರೂಪಾಯಿ ಬಂದೀತೆಂದು ತಂದೆಯವರ ಎಣಿಕೆ. ದಲಾಲನೊಬ್ಬನು ಬಂದು, "ಯಜಮಾನ್ರ, ಎತ್ತು ಛಲೋ ಅದಾವ್ರಿ, ಕುಂದರ್ರಿ, ಚಾ ಕುಡೀರಿ" ಎಂದು ಬಹಳ ವಿನಯದಿಂದ ಮಾತಾಡಿದನು. ಚಹದ ನಡುವೆ ನನ್ನತ್ತ ತಿರುಗಿ, "ಏನ್ ತಮ್ಮಾ, ಅಷ್ಟ ಅವಸರ ಯಾಕ?" ಎಂದನು. ನಾನು ಬುದ್ಧಿಗೇಡಿ, "ನಾಳೆ ದವಾಖಾನಿಗೆ ರೊಕ್ಕ ಕಟ್ಟಬೇಕ್ರಿ" ಎಂದುಬಿಟ್ಟೆನು.

ಅಲ್ಲಿಂದ ಅವನ ಧ್ವನಿಯೇ ಬೇರೆಯಾಯಿತು. 'ಯಜಮಾನ್ರ' ಹೋಗಿ 'ನೀ' ಬಂದಿತು. ಸುಳಿ ಕಾಣಿಸಿತು, ಕುಂಟು ಕಾಣಿಸಿತು. ಅವನ ಕಡೆಯ ಇನ್ನಿಬ್ಬರು ಬಂದು ಸುತ್ತ ನಿಂತರು. ಟವೆಲ್ಲಿನ ಕೆಳಗೆ ತಂದೆಯವರ ಬೆರಳು ನೋಯುವಂತೆ ಹಿಸುಕಿ, ಇನ್ನೊಂದು ಕೈಯಿಂದ ಸಂಚಕಾರದ ನೋಟುಗಳನ್ನು ಅವರ ಅಂಗಿಯ ಕಿಸೆಗೆ ತುರುಕಿದನು. ಸಂಚಕಾರ ಕಿಸೆಗೆ ಬಿದ್ದ ಮೇಲೆ ಮಾತು ಮುಗಿಯಿತೆಂದೇ ಸಂತೆಯ ಕಟ್ಟಳೆ. ಎತ್ತುಗಳು 92,000ಕ್ಕೆ ಹೋದವು. ದಾರಿಯುದ್ದಕ್ಕೂ ತಂದೆಯವರು ನನ್ನನ್ನು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಗಮನಿಸಬೇಕಾದುದೇನೆಂದರೆ, ಅವನು ಮೊದಲೇ ಗದರಲಿಲ್ಲ. ಗರಜು ಎಲ್ಲಿದೆಯೆಂದು ಹುಡುಕಿ, ಸಿಕ್ಕ ಮೇಲೆ ಗದರಿದನು. ಅಮೇರಿಕೆಯ ಅರ್ಥಶಾಸ್ತ್ರಜ್ಞ ಥಾಮಸ್ ಶೆಲ್ಲಿಂಗ್‌ರು ಚೌಕಾಶಿಯನ್ನೂ ಬೆದರಿಕೆಯನ್ನೂ ಕುರಿತು 1960ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಎದುರಿನವನು ನಂಬಿದರೆ ಮಾತ್ರ ಬೆದರಿಕೆಗೆ ಬಲವೆಂದು ಅವರ ವಿಚಾರ. ದಲಾಲನ ಬೆದರಿಕೆಯಾದರೂ ಯಾವುದು? 'ನಾ ಹೊಂಟೆ' ಎಂಬುದಷ್ಟೆ. ನಾಳೆಯೂ ಒಂದು ಸಂತೆಯಿದೆ ಎನ್ನುವವನಿಗೆ ಅದು ಬರಿಯ ಮಾತು. ನಾಳೆ ಹಣ ಕಟ್ಟಬೇಕಾದವನಿಗೆ ಅದು ಕುತ್ತಿಗೆಗೆ ಬಂದ ಕತ್ತಿ.

ಈ ರೋಗ ಸರಕಾರಕ್ಕೆ ತಿಳಿಯದ್ದಲ್ಲ. 1928ರಲ್ಲಿ ವರದಿ ಕೊಟ್ಟ ಕೃಷಿಯ ರಾಯಲ್ ಕಮಿಶನ್ನು ನಿಯಂತ್ರಿತ ಪೇಟೆಗಳು ಬೇಕೆಂದಿತು. ಮುಂಬಯಿ ಪ್ರಾಂತದಲ್ಲಿ 1939ರಲ್ಲಿ, ನಮ್ಮ ರಾಜ್ಯದಲ್ಲಿ 1966ರಲ್ಲಿ ಅದಕ್ಕಾಗಿ ಕಾಯದೆಗಳಾದವು. ಕಾಳುಕಡಿಯ ಪೇಟೆಗಳಲ್ಲಿ ಹರಾಜು ಬಹಿರಂಗವಾಯಿತು, ತೂಕ ಕಣ್ಣಿಗೆ ಕಾಣುವಂತಾಯಿತು. ಆದರೆ ಕಾಯದೆಯೊಂದೇ ಸಾಲದೆಂಬುದಕ್ಕೆ ನಮ್ಮ ನೆರೆಯ ನಿಪ್ಪಾಣಿಯೇ ಸಾಕ್ಷಿ. ಬೀಡಿಯ ತಂಬಾಕನ್ನು ಉಣ್ಣಲಾಗದು, ಸೇರು ಪಾವಿನಲ್ಲಿ ಸಂತೆಯಲ್ಲಿ ಮಾರಲೂ ಆಗದು. ವ್ಯಾಪಾರಿ ಹೇಳಿದ್ದೇ ಬೆಲೆ. 1981ರ ಮಾರ್ಚಿನಲ್ಲಿ ಶರದ ಜೋಶಿಯವರ ಮುಂದಾಳುತನದಲ್ಲಿ ಸಾವಿರಾರು ರೈತರು ನ್ಯಾಯದ ಬೆಲೆ ಕೇಳಿ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಕುಳಿತರು. ಒಬ್ಬೊಬ್ಬನಾಗಿ ವ್ಯಾಪಾರಿಯ ಮುಂದೆ ತಲೆ ತಗ್ಗಿಸುತ್ತಿದ್ದವರು ಅಲ್ಲಿ ವಾರಗಟ್ಟಲೆ ಕದಲಲಿಲ್ಲ. ಏಪ್ರಿಲ್ 6ರಂದು ಪೋಲೀಸರು ಗುಂಡು ಹಾರಿಸಿದರು. ಹಲವು ರೈತರು ಸತ್ತರು.

ಈ ವರುಷ ನಮ್ಮ ತಂದೆಯವರು ಹೋರಿಗಳನ್ನು ಕೊಳ್ಳಲು ಹೋದರು. ಓಣಿಯ ಇನ್ನೂ ನಾಲ್ವರನ್ನು ಜೊತೆಗೆ ಕರೆದುಕೊಂಡರು, ನನ್ನನ್ನೂ ಕರೆದರು. ಟೆಂಪೋ ಇಳಿಯುವಾಗ, "ತಮ್ಮಾ, ಯಾರರೆ ಚಾ ಕೊಟ್ರ ಕುಡಿ, ಮಾತ ಮಾತ್ರ ಆಡಬ್ಯಾಡ" ಎಂದರು. ಸಂತೆಯಲ್ಲಿ ಬಡಕಲು ಮುದುಕನೊಬ್ಬನು ತನ್ನ ಜೋಡಿಯ ಹಗ್ಗ ಹಿಡಿದು ಕುಳಿತಿದ್ದನು. ತಂದೆಯವರು ಅವನ ಮುಂದೆ ಕುಳಿತು, ಹೆಗಲ ಮೇಲಿನ ಟವೆಲ್ಲನ್ನು ತೆಗೆದು ನನ್ನ ಕೈಗೆ ಕೊಟ್ಟು, ಬೆಲೆಯನ್ನು ಬಾಯಿ ಬಿಟ್ಟು ಕೇಳಿದರು.