ಸರಪಳಿ ತುಂಡರಿಸುತ್ತಿದ್ದ ನಿಕ್ಕಲ್

ಜರ್ಮನಿಯ ಮ್ಯುಲ್‌ಹೈಮ್‌ನಲ್ಲಿ ಕಾರ್ಲ್ ಝೀಗ್ಲರ್ ತಂಡ ಎಥಿಲೀನ್ ಅಣುಗಳನ್ನು ಒಂದಕ್ಕೊಂದು ಪೋಣಿಸುತ್ತಿತ್ತು. ಒಮ್ಮೆ ಮಾತ್ರ ಎರಡೇ ಅಣು ಕೂಡಿ, ಬ್ಯೂಟೀನ್ ಆಗಿ, ಕ್ರಿಯೆ ಅಲ್ಲಿಗೇ ನಿಂತಿತು. ಹುಡುಕಿದರೆ, ಉಕ್ಕಿನ ಪಾತ್ರೆಯಲ್ಲಿ ಉಳಿದಿದ್ದ ಲವಲೇಶ ನಿಕ್ಕಲ್ ಅದಕ್ಕೆ ಕಾರಣವಾಗಿತ್ತು. ಬೇರೆ ಲೋಹಗಳನ್ನು ಪರೀಕ್ಷಿಸುತ್ತಾ ಹೋದ ತಂಡಕ್ಕೆ 1953ರಲ್ಲಿ ಎಥಿಲೀನನ್ನು ಉದ್ದನೆಯ ಪಾಲಿಥೀನ್ ಸರಪಳಿಯಾಗಿ ಬೆಳೆಸುವ ಟೈಟೇನಿಯಂ ಒಲಿಯಿತು. ಪಾಲಿಥೀನ್ ಉದ್ಯಮ ಅದರ ಬೆನ್ನುಹತ್ತಿತು.

ಆದರೆ ಟೈಟೇನಿಯಂಗೆ ಆಮ್ಲಜನಕದ ಮೇಲೆ ವಿಪರೀತ ಸೆಳೆತ. ಪಾಲಿಥೀನ್ ಮೇಲೆ ಬಣ್ಣ, ಶಾಯಿ, ಅಂಟು ನಿಲ್ಲುವುದಿಲ್ಲ. ನಿಲ್ಲಬೇಕಾದರೆ ಸರಪಳಿಯಲ್ಲಿ ಅಕ್ರಿಲೇಟ್‌ನಂಥ ಆಮ್ಲಜನಕವುಳ್ಳ ಧ್ರುವೀಯ ಅಣುಗಳು ಅಲ್ಲಲ್ಲಿ ಸೇರಬೇಕು. ಅವು ಹತ್ತಿರ ಬಂದರೆ ಟೈಟೇನಿಯಂ ಅವನ್ನೇ ಹಿಡಿದುಕೊಂಡು ಕೆಲಸ ನಿಲ್ಲಿಸುತ್ತದೆ. ಹೀಗಾಗಿ ಚಪ್ಪಲಿಯ ಅಟ್ಟೆಗೂ ಸೋಲಾರ್ ಫಲಕಕ್ಕೂ ಬೇಕಾದ ಇವಿಎ (ಎಥಿಲೀನ್ ವಿನೈಲ್ ಅಸಿಟೇಟ್) ಪ್ಲಾಸ್ಟಿಕ್ಕನ್ನು ಇಂದಿಗೂ ಲೋಹದ ನೆರವಿಲ್ಲದೆ, ಸಾವಿರಕ್ಕೂ ಹೆಚ್ಚು ವಾಯುಭಾರದ ಒತ್ತಡದಲ್ಲಿ ತಯಾರಿಸುತ್ತಾರೆ. ಅಲ್ಲಿ ಸರಪಳಿ ಹೇಗೆ ಕವಲೊಡೆಯಬೇಕೆಂಬುದರ ಮೇಲೆ ಹಿಡಿತ ಕಡಿಮೆ.

ನಿಕ್ಕಲ್‌ನ ಆಮ್ಲಜನಕದ ಮೋಹ ಟೈಟೇನಿಯಂನಷ್ಟಿಲ್ಲ. ಅದು ಸರಪಳಿಯನ್ನು ಬೇಗ ಕೈಬಿಡುವುದೇ ತೊಡಕು. ನಿಕ್ಕಲ್ ಸಂಯುಕ್ತ ಚಪ್ಪಟೆ ಚೌಕದ ಆಕಾರದ್ದು; ಮೇಲೂ ಕೆಳಗೂ ಬಯಲು. ಅಲ್ಲಿಂದ ನುಗ್ಗುವ ಹೊಸ ಎಥಿಲೀನ್, ಬೆಳೆಯುತ್ತಿರುವ ಸರಪಳಿಯನ್ನು ಹೊರದಬ್ಬುತ್ತದೆ. 1995ರಲ್ಲಿ ನಾರ್ತ್ ಕ್ಯಾರೊಲಿನಾದ ಮಾರಿಸ್ ಬ್ರೂಕ್‌ಹಾರ್ಟ್ ತಂಡ ಆ ಬಯಲಿಗೆ ತಡೆಗೋಡೆ ಕಟ್ಟಿತು. ನಿಕ್ಕಲ್ ಹಿಡಿದ ಎರಡು ಸಾರಜನಕಗಳಿಗೆ ಬೆಂಜೀನ್ ಉಂಗುರಗಳನ್ನು ಜೋಡಿಸಿ, ಅವುಗಳ ಅಂಚಿಗೆ ದಪ್ಪ ಐಸೊಪ್ರೊಪೈಲ್ ಗುಂಪುಗಳನ್ನು ಕೂರಿಸಿತು. ಉಂಗುರಗಳು ಚೌಕಕ್ಕೆ ಲಂಬವಾಗಿ ನಿಂತವು, ಗುಂಪುಗಳು ಮೇಲಿನ, ಕೆಳಗಿನ ದಾರಿಯನ್ನು ಮುಚ್ಚಿದವು. ಲೋಹ ಬದಲಾಗಲಿಲ್ಲ, ಆದರೆ ಸರಪಳಿಯ ಅಣುತೂಕ ಲಕ್ಷಗಳಿಗೆ ಏರಿತು. ರಸಾಯನಶಾಸ್ತ್ರದಲ್ಲಿ ಇಷ್ಟು ಸೊಗಸಾದ ವಾಸ್ತುಕೆಲಸ ನನಗೆ ಹೆಚ್ಚು ಕಂಡಿಲ್ಲ.

ಅಕ್ರಿಲೇಟ್ ಮಾತ್ರ ಸುಲಭಕ್ಕೆ ಬಗ್ಗಲಿಲ್ಲ. ಮರುವರ್ಷ ಬ್ರೂಕ್‌ಹಾರ್ಟ್ ತಂಡ ಅದನ್ನು ಪೋಣಿಸಿದ್ದು ದುಬಾರಿ ಪಲ್ಲಾಡಿಯಂನಿಂದ. 2000ದಲ್ಲಿ ರಾಬರ್ಟ್ ಗ್ರಬ್ಸ್ ತಂಡ ವಿದ್ಯುದಾವೇಶವಿಲ್ಲದ ನಿಕ್ಕಲ್ ಸಂಯುಕ್ತವನ್ನು ಮುಂದಿಟ್ಟಿತು. ಧನಾವೇಶ ಹೋದಾಗ ಆಮ್ಲಜನಕದ ಸೆಳೆತವೂ ತಗ್ಗಿತು. ಈಥರ್, ಕೀಟೋನ್ ಪಕ್ಕದಲ್ಲಿದ್ದರೂ ಕೆಲಸ ನಡೆಯಿತು. ಆದರೆ ಸರಪಳಿಗೆ ಸೇರಿದ ಅಕ್ರಿಲೇಟ್‌ನ ಆಮ್ಲಜನಕ ಹಿಂದಕ್ಕೆ ಬಾಗಿ ನಿಕ್ಕಲನ್ನೇ ಹಿಡಿಯುತ್ತದೆ. ಆ ಉಂಗುರ ಬಿಚ್ಚದೆ ಮುಂದಿನ ಎಥಿಲೀನ್‌ಗೆ ಜಾಗವಿಲ್ಲ. ಇದನ್ನು ಬಿಡಿಸಲು ಸಂಶೋಧಕರು ರಂಜಕ ಮತ್ತು ಆಮ್ಲಜನಕ ಎರಡರಿಂದಲೂ ನಿಕ್ಕಲನ್ನು ಹಿಡಿಯುವ ಹಿಡಿಕೆಗಳನ್ನು ರೂಪಿಸುತ್ತಿದ್ದಾರೆ. ಗೋಡೆ ದಪ್ಪವಾದರೆ ಹೊಸ ಅಣುವಿನ ಪ್ರವೇಶಕ್ಕೇ ಅಡ್ಡಿ, ತೆಳ್ಳಗಾದರೆ ಸರಪಳಿ ತುಂಡು.

2021ರಲ್ಲಿ ಜರ್ಮನಿಯ ಕಾನ್‌ಸ್ಟಾನ್ಝ್‌ನ ಸ್ಟೆಫಾನ್ ಮೆಕಿಂಗ್ ತಂಡ ನಿಕ್ಕಲ್ ಬಳಸಿಯೇ ಪಾಲಿಥೀನ್ ಸರಪಳಿಯ ನಡುನಡುವೆ ಕಾರ್ಬನ್ ಮಾನಾಕ್ಸೈಡ್ ಅಣುಗಳನ್ನು ಕೀಟೋನ್ ರೂಪದಲ್ಲಿ ಸೇರಿಸಿತು. ಪಾಲಿಥೀನ್‌ನ ಗಟ್ಟಿತನ ಉಳಿಯಿತು. ಬೆಳಕಿಗೆ ಒಡ್ಡಿದರೆ ಆ ಕೀಟೋನ್ ಇರುವಲ್ಲಿ ಸರಪಳಿ ತುಂಡಾಗತೊಡಗುತ್ತದೆ.