ಗಾಲಿಯೊಳಗಿನ ಗಾಳಿಗೆ ಒಂದು ಕಾವಲು

ನಮ್ಮ ಮನೆಯಲ್ಲಿ ಅಮ್ಮನದು ತೆಲುಗು, ಅಪ್ಪನದು ಕನ್ನಡ. ತೆಲುಗಿನಲ್ಲಿ ‘ಗಾಲಿ’ ಅಂದರೆ ಬೀಸುವ ಗಾಳಿ. ಕನ್ನಡದಲ್ಲಿ ‘ಗಾಲಿ’ ಅಂದರೆ ಉರುಳುವ ಚಕ್ರ. ಊರಿನ ತಮಿಳಿನಲ್ಲಿ ‘ಕಾಲಿ’ ಅಂದರೆ ಬರಿದು. ಚಿಕ್ಕಂದಿನಲ್ಲಿ ಈ ಮೂರನ್ನೂ ಜೋಡಿಸಿ ನಗುತ್ತಿದ್ದೆವು. ಗಾಲಿಯಲ್ಲಿ ಗಾಳಿ ಖಾಲಿಯಾದರೆ ಏನಾಗುತ್ತದೆ ಅಂತ ನನಗೆ ಸರಿಯಾಗಿ ತಿಳಿದದ್ದು 2021ರ ನವೆಂಬರಿನಲ್ಲಿ.

ನಮ್ಮ ತೆಂಗಿನ ತೋಟ ತಿರುಪ್ಪೂರು ಜಿಲ್ಲೆಯ ಉಡುಮಲೈಪೇಟೆ ಕಡೆ. ಮನೆಯಲ್ಲಿರುವುದು 1994ರ ಮಹೀಂದ್ರಾ ಎಂ.ಎಂ. 540 ಜೀಪು. ಗೊಬ್ಬರ, ಕಾಯಿ, ಆಳು, ಹಸುವಿನ ಹುಲ್ಲು ಎಲ್ಲಕ್ಕೂ ಅದೇ. ಆ ದಿನ ಮಳೆ ಹಿಡಿದಿತ್ತು. ಪಿ.ಎ.ಪಿ. ಕಾಲುವೆ ಪಕ್ಕದ ಎರೆಮಣ್ಣಿನ ದಾರಿಯಲ್ಲಿ ಚಕ್ರ ಹೂತುಕೊಳ್ಳುತ್ತಿತ್ತು. ಇಂಥ ಕಡೆ ಟೈರಿನ ಗಾಳಿ ಇಳಿಸಿದರೆ ಅದು ಚಪ್ಪಟೆಯಾಗಿ ಹೆಚ್ಚು ನೆಲ ಹಿಡಿಯುತ್ತದೆ, ಗಾಡಿ ಮೇಲೆ ಬರುತ್ತದೆ. 30 ಪೌಂಡು ಇದ್ದದ್ದನ್ನು 16ಕ್ಕೆ ಇಳಿಸಿದೆ. ಗಾಡಿ ಬಂತು. ಟಾರು ರಸ್ತೆ ಸಿಕ್ಕಿದ ಮೇಲೆ ಮತ್ತೆ ಗಾಳಿ ತುಂಬಿಸಬೇಕಿತ್ತು. ಮಂಡಿಗೆ ಹೊತ್ತಾಯಿತು ಅನ್ನುವ ಅವಸರದಲ್ಲಿ ಮರೆತೇ ಹೋಯಿತು.

ಹಿಂದೆ ಸುಲಿದ ಕಾಯಿಯ ಹೊರೆ. ಕೂಲಿಗೆ ಬರುವ ಇಬ್ಬರು ಹೆಂಗಸರು ದಾರಿಯಲ್ಲಿ ಇಳಿಯುತ್ತೇವೆ ಅಂತ ಹತ್ತಿದ್ದರು. ಪೊಳ್ಳಾಚಿ ರಸ್ತೆಯಲ್ಲಿ ಅರವತ್ತರ ವೇಗ. ಇದ್ದಕ್ಕಿದ್ದಂತೆ ಮುಂದಿನ ಎಡಗಾಲಿ ಕುಸಿಯಿತು, ಸ್ಟಿಯರಿಂಗು ಕೈಯಿಂದ ಕಿತ್ತುಕೊಂಡಿತು, ಜೀಪು ರಸ್ತೆಬದಿಯ ದಿಬ್ಬಕ್ಕೆ ಹೊಡೆದು ನಿಂತಿತು. ಒಬ್ಬಾಕೆಯ ಮುಂಗೈ ಮುರಿಯಿತು. ಆಸ್ಪತ್ರೆಯ ಖರ್ಚು ಕೊಟ್ಟೆ, ಮೂರು ತಿಂಗಳ ಕೂಲಿಯನ್ನೂ ಕೊಟ್ಟೆ. ಆ ಕೈಗೆ ಹಿಂದಿನ ಬಲ ಕೊಡಲು ನನ್ನಿಂದ ಆಗಲಿಲ್ಲ.

ಪಂಕ್ಚರ್ ಅಂಗಡಿಯ ಹುಡುಗ ಟೈರು ಬಿಚ್ಚಿ ತೋರಿಸಿದ. ಒಳಗೆಲ್ಲ ಕರಿ ರಬ್ಬರ್ ಪುಡಿ. ಟ್ಯೂಬಿನ ವಾಲ್ವ್ ಬುಡಸಮೇತ ಹರಿದಿತ್ತು. “ಅಣ್ಣಾ, ಇದು ಮೊಳೆ ಚುಚ್ಚಿದ್ದಲ್ಲ, ಗಾಳಿ ಕಮ್ಮಿ ಓಡಿಸಿದ್ದು” ಅಂದ. ಗಾಳಿ ಕಮ್ಮಿಯಿದ್ದರೆ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಚಿ ಬಿಚ್ಚಿ ಕಾಯುತ್ತದೆ. ಟ್ಯೂಬ್ ಟೈರಾದರೆ ರಿಮ್ಮಿನ ಮೇಲೆ ಜಾರಿ ವಾಲ್ವನ್ನೂ ಎಳೆಯುತ್ತದೆ. ನಿಮ್ಮ ಗಾಡಿಯ ವಾಲ್ವ್ ಓರೆಯಾಗಿ ನಿಂತಿದ್ದರೆ ಅದೇ ಮೊದಲ ಎಚ್ಚರಿಕೆ. ಕಣ್ಣಿಗೆ ಕಾಣಿಸುತ್ತಿರಲಿಲ್ಲವೇ ಅಂತ ಕೇಳಬಹುದು. ದಪ್ಪ ಪಕ್ಕೆಯ ನೈಲಾನ್ ಟೈರು ಅರ್ಧ ಗಾಳಿಯಲ್ಲೂ ಗಟ್ಟಿಯಾಗಿ ನಿಂತಂತೆ ಕಾಣುತ್ತದೆ. ಕಾಲಲ್ಲಿ ಒದ್ದು ನೋಡುವುದೂ ಸುಳ್ಳು ಹೇಳುತ್ತದೆ.

ಆಮೇಲೆ ಜೀಪಿನ ಡ್ಯಾಶ್‌ಬೋರ್ಡಿಗೆ ಗಾಳಿ ತೋರಿಸುವ ಡಿಸ್‌ಪ್ಲೇ ಹಾಕಿಸಿದೆ. ಮೂವತ್ತು ವರ್ಷದ ಮುದಿ ಗಾಡಿಗೆ ಇದೆಲ್ಲ ಯಾಕೆ ಅಂತ ನಕ್ಕವರೂ ಉಂಟು. ಆದರೆ ನಮ್ಮ ಸೀಮೆಗೆ ಇಂಥ ಕೆಲಸ ಹೊಸದಲ್ಲ. ನಾನು ಬಿದ್ದ ಆ ರಸ್ತೆಯಲ್ಲೇ, ಪೊಳ್ಳಾಚಿಯಿಂದ ಪಳನಿಗೆ, 1920ರಲ್ಲಿ ಜಿ.ಡಿ. ನಾಯ್ಡು ತಮ್ಮ ಮೊದಲ ಬಸ್ಸು ಓಡಿಸಿದರು. ಕೊಯಮತ್ತೂರು ಸೀಮೆಯ ತೆಲುಗು ಮನೆಯ ಆ ಮನುಷ್ಯ ಯಂತ್ರವನ್ನು ಬಿಚ್ಚಿ, ನೋಡಿ, ತಿದ್ದುವ ಅಭ್ಯಾಸವನ್ನು ಈ ಊರುಗಳಿಗೆ ಹಚ್ಚಿದವರು.

ಗಾಳಿ ಇಳಿಸಿ ಏರಿಸುವ ತೊಂದರೆಯೂ ಹಳೆಯದೇ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದವರು ನೀರಲ್ಲೂ ನೆಲದಲ್ಲೂ ಓಡುವ ‘ಡಕ್’ ಎಂಬ ಲಾರಿ ಮಾಡಿದರು. ಕಡಲ ಮರಳಿನಲ್ಲಿ ಗಾಳಿ ಇಳಿಸಿ, ರಸ್ತೆಗೆ ಬಂದಾಗ ಏರಿಸುವುದನ್ನು ಅದರ ಚಾಲಕ ಕೂತಲ್ಲಿಂದಲೇ ಮಾಡುತ್ತಿದ್ದ. ಕಾರುಗಳಲ್ಲಿ ಗಾಳಿಯ ಕಾವಲು 1986ರ ಪೋರ್ಷೆ 959ರಿಂದ ಶುರುವಾಯಿತು. ಟೈರು ಸಿಡಿದು ಜನ ಸತ್ತ ಮೇಲೆ ಅಮೆರಿಕ 2000ದಲ್ಲಿ ಕಾನೂನು ಮಾಡಿತು. 2007ರ ಸೆಪ್ಟೆಂಬರಿನಿಂದ ಅಲ್ಲಿ ಹೊಸ ಲಘು ವಾಹನಗಳಿಗೆಲ್ಲ ಇದು ಕಡ್ಡಾಯ. ಗಾಳಿ ಕಾಲುಭಾಗ ಇಳಿದರೆ ದೀಪ ಹತ್ತಲೇಬೇಕು.

ಹಳೇ ಜೀಪಿಗೆ ಹೊಂದುವುದು ಮುಚ್ಚಳದ ಸೆನ್ಸರ್. ರಿಮ್ಮಿನ ಒಳಗೆ ಕೂರುವ ಸೆನ್ಸರ್ ಟ್ಯೂಬ್‌ಲೆಸ್ ಗಾಲಿಗೆ ಸರಿ, ಟ್ಯೂಬಿಗೆ ಆಗದು. ವಾಲ್ವ್ ಮುಚ್ಚಳ ತೆಗೆದು ಅದರ ಜಾಗದಲ್ಲಿ ಸೆನ್ಸರ್ ತಿರುಗಿಸಿ ಕೂರಿಸಬೇಕು. ಗುಂಡಿಯಂಥ ಸಣ್ಣ ಬ್ಯಾಟರಿಯಿಂದ ಅದು ರೇಡಿಯೋ ಅಲೆಯಲ್ಲಿ ಸುದ್ದಿ ಕಳಿಸುತ್ತದೆ. ಸೋಲಾರ್ ಡಿಸ್‌ಪ್ಲೇ ಆದರೆ ವೈರಿನ ಗೊಡವೆಯಿಲ್ಲ. ಇಲ್ಲವಾದರೆ ಫ್ಯೂಸ್ ಹಾಕಿಸಿ 12 ವೋಲ್ಟಿನ ವೈರು ಎಳೆಸಿ. ಮಿಲಿಟರಿ ಹರಾಜಿನ ಗಾಡಿಯಾದರೆ 24 ವೋಲ್ಟ್ ಇರಬಹುದು, ಮೊದಲು ಎಲೆಕ್ಟ್ರಿಷಿಯನ್ನಿಗೆ ತೋರಿಸಿ.

ಹಾಕಿಸುವವರು ಕೆಲವು ಮಾತು ನೆನಪಿಡಬೇಕು. ಮುಚ್ಚಳದ ಸೆನ್ಸರ್ ವಾಲ್ವಿನ ಪಿನ್ನನ್ನು ಒತ್ತಿ ತೆರೆದೇ ಇಡುತ್ತದೆ. ಗಾಳಿ ತಡೆಯುವುದು ಅದರೊಳಗಿನ ರಬ್ಬರ್ ವಾಷರ್ ಮಾತ್ರ. ಕೂರಿಸಿದ ಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಿ. ಬಿರುಕು ಬಿಟ್ಟ ಹಳೇ ವಾಲ್ವಿನ ಮೇಲೆ ಸೆನ್ಸರಿನ ಭಾರ ಹಾಕಬೇಡಿ, ಟ್ಯೂಬು ಬದಲಿಸಿ. ಕಲ್ಲು ಮುಳ್ಳಿನ ದಾರಿಯಿಂದ ಬಂದಾಗಲೆಲ್ಲ ಸೆನ್ಸರಿಗೆ ಏಟು ಬಿದ್ದಿದೆಯೇ ಮುಟ್ಟಿ ನೋಡಿ. ಗಾಲಿ ಅದಲುಬದಲು ಮಾಡಿದರೆ ಸೆನ್ಸರನ್ನೂ ಅದರದರ ಜಾಗಕ್ಕೆ ಹಾಕಿ, ಇಲ್ಲದಿದ್ದರೆ ಬಲದ ಪಂಕ್ಚರನ್ನು ಎಡಕ್ಕೆ ತೋರಿಸುತ್ತದೆ.

ಗಾಳಿ ಅಳೆಯುವುದು ಬೆಳಿಗ್ಗೆ, ಟೈರು ತಣ್ಣಗಿರುವಾಗ. 30 ಪೌಂಡಿನ ಟೈರು ಹತ್ತು ಡಿಗ್ರಿ ಕಾದರೆ ಸುಮಾರು ಒಂದೂವರೆ ಪೌಂಡು ಏರುತ್ತದೆ. ಓಡಿ ಬಂದ ಮೇಲೆ ಹೆಚ್ಚು ಕಂಡಿತು ಅಂತ ಗಾಳಿ ಬಿಡಬೇಡಿ. ಆಳಿಯಾರಿನಿಂದ 40 ಹೇರ್‌ಪಿನ್ ತಿರುವು ಹತ್ತಿ ವಾಲ್ಪಾರೈಗೆ ಹೋಗುವವರಿಗೂ ಅಂಕಿ ಒಂದೆರಡು ಆಚೀಚೆ ಆಗುವುದು ಕಾಣುತ್ತದೆ. ಅದಕ್ಕೆ ಹೆದರಬೇಕಿಲ್ಲ. ಒಂದೇ ಗಾಲಿ ಮಿಕ್ಕ ಮೂರಕ್ಕಿಂತ ಇಳಿಯುತ್ತಾ ಹೋದರೆ ಹೆದರಿ, ನಿಲ್ಲಿಸಿ.

ಈ ಡಿಸ್‌ಪ್ಲೇಗೆ ಗೊತ್ತಿಲ್ಲದ್ದೂ ಇದೆ. ಟೈರಿನ ವಯಸ್ಸು ಅದಕ್ಕೆ ತಿಳಿಯದು. ಅದನ್ನು ಪಕ್ಕೆಯ ಮೇಲಿನ ನಾಲ್ಕಂಕಿಯಲ್ಲಿ ಓದಬೇಕು: 2319 ಅಂದರೆ 2019ರ 23ನೇ ವಾರದ ಟೈರು. ಸವೆದ ಗೀರು, ಹೆಚ್ಚಿದ ಹೊರೆ ಇದಾವುದನ್ನೂ ಅದು ಹೇಳದು. ದಿಂಬಂ ಘಾಟಿಯ 27 ತಿರುವು ಇಳಿದು ಚಾಮರಾಜನಗರದಿಂದ ಕೊಯಮತ್ತೂರಿಗೆ ತರಕಾರಿ ತರುವವರೂ, ತಿಪಟೂರು, ಕಾಂಗೇಯಂ ನಡುವೆ ಕೊಬ್ಬರಿ ವ್ಯಾಪಾರದವರೂ ಇದನ್ನು ನೆನಪಿಡಬೇಕು. ಹೊರೆ ನಿಮ್ಮದಾದರೂ ಹಿಂದೆ ಕೂತವರ ಜೀವ ನಿಮ್ಮದಲ್ಲ.

ಈಗಲೂ ಎರೆ ದಾರಿಯಲ್ಲಿ ಗಾಳಿ ಇಳಿಸುತ್ತೇನೆ. ಟಾರಿಗೆ ಬಂದ ಕೂಡಲೇ ಡಿಸ್‌ಪ್ಲೇ ಕೂಗುತ್ತದೆ. ತುಂಬುವವರೆಗೆ ಬಿಡುವುದಿಲ್ಲ. ಹಾಗಾಗಿ ಜೀಪಿನಲ್ಲೇ ಒಂದು ಸಣ್ಣ ಗಾಳಿ ಪಂಪು ಇಟ್ಟಿದ್ದೇನೆ. ಕೈ ಮುರಿದುಕೊಂಡ ಆಕೆ ಈಗಲೂ ನಮ್ಮ ತೋಟಕ್ಕೆ ಬರುತ್ತಾಳೆ. ಭಾರದ ಬುಟ್ಟಿಯನ್ನು ಇನ್ನೊಂದು ಕೈಯಲ್ಲಿ ಹಿಡಿಯುತ್ತಾಳೆ. ಜೀಪು ಹತ್ತುವ ಮುಂಚೆ ಕಿಟಕಿಯೊಳಗೆ ಬಗ್ಗಿ, “ಕಾತ್ತು ಪಾತ್ತೀಂಗಳಾ?” ಅಂತ ಕೇಳುತ್ತಾಳೆ. ಗಾಳಿ ನೋಡಿದಿರಾ ಅಂತ. ನೋಡಿದ್ದರೂ ಇನ್ನೊಮ್ಮೆ ನೋಡಿ, ಅವಳಿಗೂ ತೋರಿಸಿ, ಆಮೇಲೆ ಗಾಡಿ ಹೊರಡಿಸುತ್ತೇನೆ.